ಬೆರಳಿನ ತಪ್ಪಲ್ಲ

"ಸ್ವಲ್ಪ ಆ ಕಡೆ ಸರೀರಿ," ಎನ್ನುತ್ತ ರಾಜ್‌ಕುಮಾರ್ ಶವದ ಎದೆಯ ಮೇಲೆ ಹೂಚಕ್ರವನ್ನು ನೇರ ಮಾಡಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ. ಚಕ್ರದಲ್ಲಿ ಸುಬ್ರಮಣಿಯ ಹೆಸರಿಗಿಂತ ಕಂಪನಿಯ ಹೆಸರೇ ದಪ್ಪಗಿತ್ತು. ಗಂಡನ ತಲೆಯ ಬಳಿ ಕೂತಿದ್ದ ಕಲಾ ರಾಜ್‌ಕುಮಾರನ ಸೆಂಟಿನ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಸುಬ್ರಮಣಿ ರೇಷನ್ ಅಂಗಡಿಗಳ ಬೆರಳಚ್ಚು ಯಂತ್ರ ರಿಪೇರಿ ಮಾಡುತ್ತಿದ್ದವನು. ನಿನ್ನೆ ಬೆಳಿಗ್ಗೆ ಮನೆಯಿರುವ ಉರಿಗಾಂನಿಂದ ಹೊರಟು ಬಂಗಾರಪೇಟೆಯಲ್ಲಿ ರೈಲಿಳಿಯುವಾಗ ಎದೆ ಹಿಡಿದುಕೊಂಡು ಕುಸಿದಿದ್ದ. ರಾಜ್‌ಕುಮಾರ್ ಕಂಪನಿಯಲ್ಲಿ ಅವನ ಮೇಲಧಿಕಾರಿ.

ಅವನು ಕಲಾಳ ಪಕ್ಕ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. "ಅಕ್ಕಾ, ಅವ್ರ ಲ್ಯಾಪ್‌ಟಾಪ್ ಪಾಸ್‌ವರ್ಡ್ ಗೊತ್ತಾ? ಬೆರಳಚ್ಚು ಯಂತ್ರದ ಡ್ರೈವರ್ ಸಾಫ್ಟ್‌ವೇರ್ ಸರಿ ಮಾಡಿದ ಫೈಲು ಅದರಲ್ಲಿದೆ. ಈಗ ಮೇಲಿನವ್ರು ಅದನ್ನ ಕೇಳ್ತಿದಾರೆ, ನಾಳೆ ಮೀಟಿಂಗಲ್ಲಿ ತೋರಿಸ್ಬೇಕು."

"ಯಾರು ಸರಿ ಮಾಡಿದ್ದು ಅಂತ ತೋರಿಸ್ತೀಯ?"

"ಎಲ್ಲಾ ಸೇರಿ ಮಾಡಿದ್ದಲ್ವಾ ಅಕ್ಕಾ."

"ಎಣ ಇನ್ನೂ ಎತ್ತಿಲ್ಲ. ಮೇಲೇಳು."

*

ಹೋದ ವರ್ಷ ಸಂತೆಗೆಂದು ಗಂಡನ ಜೊತೆ ಹೋಗಿದ್ದ ಕಲಾ, ಅವನು ಯಂತ್ರ ರಿಪೇರಿಗೆ ನಿಂತ ಬಂಗಾರಪೇಟೆ ಪಕ್ಕದ ಹಳ್ಳಿಯ ರೇಷನ್ ಅಂಗಡಿಯಲ್ಲಿ ಕೂತಿದ್ದಳು. ಮುದುಕಿ ನರಸಮ್ಮ ಕೈ ಮುಂದೆ ಚಾಚಿದಳು. ಹೆಬ್ಬೆರಳಿನ ತುದಿ ಕಿತ್ತು ಕೀವಾಗಿತ್ತು.

"ಬೆರಳು ಸವ್ದೋಗೈತೆ, ಇಟ್ಟಿಗೇಲಿ ಉಜ್ಕೊಂಡು ಬಾ ಅಂದ್ರು ಅಂಗ್ಡಿಯೋರು, ಸಾಮಿ. ಉಜ್ಜಿದೆ. ಮೂರು ತಿಂಗ್ಳಿಂದ ಅಕ್ಕಿ ಇಲ್ಲ."

ಸುಬ್ರಮಣಿ ಯಂತ್ರದ ಮೇಲೆ ತನ್ನದೇ ಬೆರಳಿಟ್ಟ. ದೀಪ ಹತ್ತಿತು, ಅಚ್ಚು ಮೂಡಲಿಲ್ಲ. ಕಲಾಳ ಬೆರಳನ್ನೂ ಇಡಿಸಿದ. ಅದೂ ಮೂಡಲಿಲ್ಲ.

"ನಮ್ಮಿಬ್ರದೂ ಸವ್ದೈತಾ?" ಎಂದು ಅಂಗಡಿಯವನನ್ನು ಕೇಳಿ, ಲ್ಯಾಪ್‌ಟಾಪ್ ಜೋಡಿಸಿ, ಯಂತ್ರದೊಳಗಿನ ಮೂಲ ಸಾಫ್ಟ್‌ವೇರಾದ ಕರ್ನಲ್ ಬರೆದಿಟ್ಟ ಸಾಲುಗಳನ್ನು ಒಂದೊಂದಾಗಿ ಓದತೊಡಗಿದ. ಮಧ್ಯಾಹ್ನ ಕಳೆಯಿತು. ಕೊನೆಗೆ ನಕ್ಕ.

"ನೋಡೇ. ಹೊಸ ಅಪ್‌ಡೇಟ್ ಬಂದ ಮೇಲೆ ಕರ್ನಲ್ಲು ಇದನ್ನ ಕೀಬೋರ್ಡ್ ಅನ್ಕೊಂಡೈತೆ. ಕೀಬೋರ್ಡಿನ ಡ್ರೈವರ್ರು ಮೊದ್ಲೇ ಬಂದು ಇಡ್ಕೊಂಡ್ಬುಟ್ರೆ, ಬೆರಳಚ್ಚಿನ ಡ್ರೈವರ್ರಿಗೆ ಜಾಗ ಎಲ್ಲಿ?"

ಕೀಬೋರ್ಡಿನ ಡ್ರೈವರ್ ಹಿಡಿತದಿಂದ ಯಂತ್ರವನ್ನು ಬಿಡಿಸಿ ಸರಿಯಾದ ಡ್ರೈವರ್‌ಗೆ ಕಟ್ಟಿದ. ಮತ್ತೆ ತಪ್ಪು ಹಿಡಿಯದಂತೆ ಒಂದು ಸಾಲು ಬರೆದ. ನರಸಮ್ಮನ ಗಾಯವಿಲ್ಲದ ತೋರುಬೆರಳಿಗೆ ಯಂತ್ರ ಒಡನೆ ಒಪ್ಪಿತು.

ತಪ್ಪು ನಮ್ಮ ಯಂತ್ರದ್ದೆಂದು ಸುಬ್ರಮಣಿ ರಿಪೋರ್ಟ್ ಕಳಿಸಿದ ಸಂಜೆಯೇ ರಾಜ್‌ಕುಮಾರ್ ಫೋನ್ ಮಾಡಿದ. "ಬೆರಳು ಸವೆದಿದೆ ಅಂತಲೇ ಬರೀರಿ. ಕಂಪನಿ ಮರ್ಯಾದೆ ಪ್ರಶ್ನೆ."

"ಆ ಯಮ್ಮನ ಕೈ ನೋಡಿ ಬಂದಿದ್ದೀನಿ ಸಾರ್. ಬರೆಯಲ್ಲ."

ಕಂಪನಿ ರಿಪೋರ್ಟನ್ನು ಮುಚ್ಚಿಟ್ಟಿತು. ಅವತ್ತಿನಿಂದ ಸುಬ್ರಮಣಿ ಭಾನುವಾರ ಮನೆಯಲ್ಲಿ ಉಳಿಯಲಿಲ್ಲ. ಯಾರೂ ಕರೆಯದಿದ್ದರೂ ಒಂದೊಂದೇ ಊರಿಗೆ ಹೋಗಿ ಯಂತ್ರ ಸರಿಮಾಡಿ ಬಂದ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. "ಎಷ್ಟು ಜನದ ಕೈ ಇಂಗೇ ಮಾಡವ್ರೋ," ಎಂದು ತಟ್ಟೆ ದೂಡುತ್ತಿದ್ದ.

*

ಚಟ್ಟ ಸಿದ್ಧವಾಯಿತು. ಬಾಯಿಗೆ ಅಕ್ಕಿ ಹಾಕಲು ಹಿರಿಯರು ಕರೆದರು. ಕಲಾ ನೋಡಿದರೆ, ಬೀದಿಯ ತುಂಬ ಅವಳು ಕಂಡರಿಯದ ಮುದುಕಿಯರು; ಸುಬ್ರಮಣಿ ಯಂತ್ರ ಸರಿಮಾಡಿದ ಊರುಗಳಿಂದ ಮೊದಲ ರೈಲಿಗೇ ಬಂದವರು. ನರಸಮ್ಮ ಮುಂದಿದ್ದಳು.

"ನಿನ್ನ ಬೆರಳಿನ ತಪ್ಪಲ್ಲಮ್ಮ ಅಂತ ಅಂದೋನು ಇವನೊಬ್ನೇ ಕಣವ್ವ," ಎಂದು ಅಕ್ಕಿ ಬಿಟ್ಟಳು. ಒಬ್ಬೊಬ್ಬರಾಗಿ ಬಂದು ಹಾಕಿ ಸರಿದರು.

ಸಾಲು ಮುಗಿಯುವ ಹೊತ್ತಿಗೆ ರಾಜ್‌ಕುಮಾರ್ ಫೋನನ್ನು ಪಕ್ಕದವನ ಕೈಗೆ ಕೊಟ್ಟು, "ಇದೊಂದು ತೆಗೀರಿ," ಎಂದು ಹಿಡಿ ಅಕ್ಕಿ ತೆಗೆದುಕೊಂಡು ಬಗ್ಗಿದ.

ಕಲಾ ಗಂಡನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಅಕ್ಕಿ ಅವಳ ಮುಂಗೈ ಮೇಲೆ ಬಿದ್ದು, ಬಳೆಗಳಿಗೆ ತಾಗಿ ನೆಲಕ್ಕೆ ಚೆಲ್ಲಿತು.