ಹದಿನೇಳು ಪೆಟ್ಟು

ನಾನು ಒಂದು ಗ್ರಾಮಫೋನ್ ತಟ್ಟೆ. ಬಣ್ಣ ಕಪ್ಪು, ಅಗಲ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಸ್ವಭಾವ ಕೆಟ್ಟದ್ದು. ಕ್ಷಮಿಸುವ ಗುಣ ನನ್ನಲ್ಲಿಲ್ಲ, ಹುಡುಕಬೇಡಿ. ನನ್ನ ಮೈಮೇಲೆ ಯಾರು ಏನು ಕೊರೆದರೋ ಅದು ಅಲ್ಲೇ ಉಳಿಯುತ್ತದೆ. ಮರೆಯುವ ಸೌಕರ್ಯ ಮನುಷ್ಯರಿಗೆ ಮಾತ್ರ ಇದೆ.

ನಾನು ಹುಟ್ಟಿದ್ದು ಮುಂಬೈಯಲ್ಲಿ, ಎರಡು ಬಿಸಿ ಅಚ್ಚುಗಳ ನಡುವೆ ರೊಟ್ಟಿಯ ಹಾಗೆ ಒತ್ತಿಸಿಕೊಂಡು. ಅದಕ್ಕೂ ಮುಂಚೆ, ಬಾಡಿಗೆಯ ಸ್ಟುಡಿಯೋ ಒಂದರಲ್ಲಿ ನನ್ನೊಳಗಿನ ಹಾಡು ತಯಾರಾಗಿತ್ತು. ಅಂದು ಅಲ್ಲಿ ನಡೆದದ್ದು ನನಗೆ ಮನೆತನದ ಸುದ್ದಿಯಂತೆ ಚೆನ್ನಾಗಿ ಗೊತ್ತಿದೆ. ಹಾಡು ಹೋಳಿ ಹಬ್ಬದ್ದು. ಬರೆದವರೂ ಹಾಡಿದವರೂ ನಾಟಕ ಕಂಪನಿಯ ನೀಲಕಂಠ ಮಾಸ್ತರರು. ಹಲಗೆ ಬಾರಿಸಿದವನು ಅವರದೇ ಊರಿನ ಯಮನಪ್ಪ.

ನಮ್ಮ ಕಡೆ ಹೋಳಿ ಬಂತೆಂದರೆ ಐದು ದಿನ ಎಲ್ಲರ ಕೊರಳಿಗೂ ಹಲಗೆ ಬರುತ್ತದೆ. ಗೌಡರ ಮಗ, ಶೆಟ್ಟರ ಅಳಿಯ, ಯಾರೂ ಬಿಡುವುದಿಲ್ಲ. ಆದರೆ ವರ್ಷವಿಡೀ ಆ ಚರ್ಮ ಹದ ಮಾಡಿ ಬಿಗಿಯುವ ಕೇರಿಯ ಜನರನ್ನು ಕರೆಯಲು ಊರಲ್ಲಿ ಒಂದು ಹೊಲಸು ಪದವಿತ್ತು. ಮಾಸ್ತರರು ಆ ಪದವನ್ನು ತಂದು ಹಾಡಿನ ಎರಡನೆಯ ನುಡಿಯಲ್ಲಿ ಕೂರಿಸಿದ್ದರು. ನಾನು ಅದನ್ನು ಇಲ್ಲಿ ಹೇಳುವುದಿಲ್ಲ. ಹೇಳಿ ಹೇಳಿ ನನಗೆ ಸಾಕಾಗಿದೆ.

ತಾಲೀಮಿನಲ್ಲಿ ಆ ಪದ ಕೇಳಿದ ಯಮನಪ್ಪ ಕೈ ನಿಲ್ಲಿಸಿದ.

"ಮಾಸ್ತರ್ರ, ಆ ಒಂದು ಮಾತು ತಗದು ಬ್ಯಾರೆ ಹಾಕಿದ್ರ ಆಗೂದಿಲ್ಲೇನ್ರಿ?"

ಮಾಸ್ತರರು ನಕ್ಕರು. "ಹೋಳ್ಯಾಗ ಬೈಯೂದು ಪದ್ಧತಿ ಐತೋ ಯಮನಪ್ಪ. ಹಬ್ಬದ ಬೈಗಳ ಯಾರ ಮೈಗೂ ಹತ್ತೂದಿಲ್ಲ. ನೀ ಸುಮ್ಮನ ಬಾರಿಸು."

ಯಮನಪ್ಪ ಸುಮ್ಮನೆ ಬಾರಿಸಿದ. ಆದರೆ ಮುದ್ರಣದ ಹೊತ್ತಿಗೆ, ಮಾಸ್ತರರ ಬಾಯಿಂದ ಆ ಪದ ಬಿದ್ದ ಮರುಗಳಿಗೆಗೆ ಅವನು ಹಲಗೆಯ ಮೇಲೆ ಒಂದು ಪೆಟ್ಟು ಕೊಟ್ಟ. ಗಾಜಿನ ಆಚೆ ಕುಳಿತಿದ್ದ ಇಂಜಿನಿಯರ್ ಬೆಚ್ಚಿಬಿದ್ದ. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಹೋಯಿತು. ಮಾಸ್ತರರಿಗೆ ಅದು ಹುಮ್ಮಸ್ಸಿನಂತೆ ಕಂಡಿತು. "ಭಾರೀ ಆತು, ಇದ ಇರ್ಲಿ" ಎಂದರು. ಹೊಡೆದದ್ದು ಯಾರಿಗೆ ಎಂದು ಅವರಿಗೆ ತಿಳಿಯಲಿಲ್ಲ.

ದನಿ ದೊಡ್ಡದಾದಷ್ಟೂ ತಟ್ಟೆಯ ಗೆರೆ ಹೆಚ್ಚು ಓಲಾಡುತ್ತದೆ. ಆ ಪೆಟ್ಟಿನ ಜಾಗದಲ್ಲಿ ನನ್ನ ಗೆರೆ ಎಷ್ಟು ಓಲಾಡಿತೆಂದರೆ, ಅದಕ್ಕೂ ಪಕ್ಕದ ಗೆರೆಗೂ ನಡುವೆ ಉಳಿದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಗೋಡೆ. ಆ ಗೋಡೆಯನ್ನು ನೆನಪಿಟ್ಟುಕೊಳ್ಳಿ.

ನನ್ನ ಮೊದಲ ಒಡೆಯ ಬಸವಂತಪ್ಪ. ಬಸ್ ಸ್ಟ್ಯಾಂಡಿನ ಎದುರು ಅವನ ಚಹಾದಂಗಡಿ. ಬಾಗಿಲ ಮೇಲೊಂದು ದೊಡ್ಡ ಸ್ಪೀಕರ್. ಹೋಳಿಯ ಐದು ದಿನ ನನಗೆ ಬಿಡುವೇ ಇರುತ್ತಿರಲಿಲ್ಲ. ಬಸವಂತಪ್ಪ ಹಲ್ಲುಜ್ಜುವುದನ್ನು ಮರೆತರೂ ನನ್ನನ್ನು ಹಚ್ಚುವುದನ್ನು ಮರೆಯುತ್ತಿರಲಿಲ್ಲ. ಎರಡನೆಯ ನುಡಿ ಬಂದಾಗ ಗಿರಾಕಿಗಳು ಕಿವಿ ನಿಮಿರಿಸಿ ಕಾಯುವರು. ಪದ ಬಂದ ಕೂಡಲೇ ಗೊಳ್ಳೆಂದು ನಗುವರು. ನಕ್ಕು ಹೊರಗಿನ ಕಟ್ಟೆಯ ಕಡೆ ನೋಡುವರು. ಅಲ್ಲಿ ಕೇರಿಯ ಜನ ತಮಗೆಂದೇ ಬೇರೆ ಇಟ್ಟ ಗ್ಲಾಸುಗಳಲ್ಲಿ ಚಹಾ ಕುಡಿಯುತ್ತ ಕುಳಿತಿರುತ್ತಿದ್ದರು.

ಒಂದು ಹೋಳಿಯಲ್ಲಿ ಯಮನಪ್ಪನೂ ಅಲ್ಲಿದ್ದ. ಪಕ್ಕದಲ್ಲಿ ಆರು ವರ್ಷದ ಮಗಳು ಹುಲಿಗೆಮ್ಮ, ಬಟರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದಳು. ನಾನು ಆ ಪದ ಹೇಳಿದೆ. ಒಳಗಿನವರು ನಕ್ಕರು.

"ಅಪ್ಪ, ಅವ್ರು ಯಾಕ ನಗಾಕತ್ತಾರ?"

"ನನ್ನ ಪೆಟ್ಟು ಕೇಳಿ ನಗಾಕತ್ತಾರವ್ವ. ಕೇಳಿದೇನು, ಎಷ್ಟು ಚೊಲೋ ಬಿದ್ದೈತಿ?"

ಮಗು ತಲೆ ಅಲ್ಲಾಡಿಸಿತು, ನಂಬಿತೋ ಇಲ್ಲವೋ ಗೊತ್ತಿಲ್ಲ. ಅದ್ದಿದ ಬಿಸ್ಕತ್ತು ಮಾತ್ರ ಕರಗಿ ಗ್ಲಾಸಿನ ತಳಕ್ಕೆ ಬಿತ್ತು. ಅವಳು ಅದನ್ನು ತೆಗೆಯಲೂ ಇಲ್ಲ. ನಾನು ನೀಲಕಂಠ ಮಾಸ್ತರರ ಮೇಲೆ ಹಲ್ಲು ಮಸೆಯತೊಡಗಿದ್ದು ಅಂದಿನಿಂದ. ನನ್ನ ಬಾಯಲ್ಲಿ ಆ ಪದ ತುರುಕಿದ ಮನುಷ್ಯನಿಗೆ ಅದೇ ಪದವನ್ನು ತಿನ್ನಿಸಬೇಕು ಎಂದುಕೊಂಡೆ. ಹೇಗೆ ಎಂಬುದು ಹೊಳೆದಿರಲಿಲ್ಲ. ಬಸವಂತಪ್ಪನ ಮೊಂಡ ಸೂಜಿ ದಿನಕ್ಕೆ ಇಪ್ಪತ್ತು ಸಲ ಆ ತೆಳು ಗೋಡೆಯನ್ನು ಸವೆಸುತ್ತಿತ್ತು. ನಾನು ಸವೆಯಲು ಬಿಟ್ಟೆ.

ಕ್ಯಾಸೆಟ್ಟುಗಳ ಕಾಲ ಬಂದು ಬಸವಂತಪ್ಪನಿಗೆ ನಾನು ಬೇಡವಾದೆ. ಅಷ್ಟರಲ್ಲಿ ಜಿಲ್ಲೆಯ ಬಾನುಲಿ ಕೇಂದ್ರದವರು, ಹಳೆಯ ಹಬ್ಬದ ಹಾಡುಗಳಿದ್ದರೆ ಕೊಡಿ ಎಂದು ಕೇಳಿಕೊಂಡರು. ಅವನು ನನ್ನನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟುಬಿಟ್ಟ. ಅಲ್ಲಿ ನನಗೊಂದು ನಂಬರು ಸಿಕ್ಕಿತು, ಅಲಮಾರಿಯಲ್ಲಿ ನೆಟ್ಟಗೆ ನಿಲ್ಲುವ ಜಾಗ ಸಿಕ್ಕಿತು. ನನ್ನ ಜೊತೆ ಹುಟ್ಟಿದ ಬೇರೆ ತಟ್ಟೆಗಳೆಲ್ಲ ಎಲ್ಲೆಲ್ಲೋ ಒಡೆದು ಹೋಗಿದ್ದವು. ಇದ್ದದ್ದು ನಾನೊಬ್ಬನೇ. ಪ್ರತಿ ಹೋಳಿಯ ಬೆಳಿಗ್ಗೆ ಏಳೂವರೆಗೆ ನಾನು ಜಿಲ್ಲೆಯ ಮನೆಮನೆಗೂ ಹೋಗಿ ಆ ಪದ ಹೇಳಿ ಬರುತ್ತಿದ್ದೆ.

ಹಲವು ವರ್ಷಗಳ ನಂತರ ಹೊಸ ಉದ್ಘೋಷಕಿ ಬಂದಳು. ನನ್ನನ್ನು ಕವರಿನಿಂದ ತೆಗೆದು, ಮೇಲಿನ ಹೆಸರು ಓದಿ, ತುಂಬ ಹೊತ್ತು ಹಿಡಿದುಕೊಂಡಳು. "ನೀನಽ ಏನು?" ಎಂದಳು. ದನಿಯಿಂದ ಗುರುತು ಹಿಡಿದೆ. ಹುಲಿಗೆಮ್ಮ!

ಅವಳು ಮೊದಲು ನೇರ ದಾರಿಯನ್ನೇ ಹಿಡಿದಳು. ನಿರ್ದೇಶಕ ಸಾಹೇಬರ ಮುಂದೆ ನಿಂತು, ಈ ಹಾಡು ಹಾಕಬಾರದು ಎಂದಳು. ಸಾಹೇಬರು ಕೆಟ್ಟವರಲ್ಲ, ಹೆದರುಪುಕ್ಕಲರು. "ಜನಾ ಪ್ರೀತಿಲೆ ಕೇಳೂ ಹಾಡು ಅದು. ಬೇಕಾದ್ರ ಬರದು ಕೊಡ್ರಿ, ಮ್ಯಾಲೆ ಕಳಸ್ತೀನಿ" ಎಂದರು. ಅವಳು ಬರೆದುಕೊಟ್ಟಳು. ಆ ಫೈಲು ಮೇಲೆ ಹೋಗಿ ಮೇಲೆಯೇ ಉಳಿಯಿತು.

ಆಮೇಲೆ ಅವಳು ಕೈಯನ್ನೇ ನಂಬಿದಳು. ಹೋಳಿಯ ಬೆಳಿಗ್ಗೆ ನಾನು ತಿರುಗುತ್ತಿದ್ದಾಗ ಅವಳ ಬೆರಳು ದನಿಯ ಗುಂಡಿಯ ಮೇಲಿರುತ್ತಿತ್ತು. ಪದ ಬರುವ ಹೊತ್ತಿಗೆ ಸರಕ್ಕನೆ ಇಳಿಸಿ ಮತ್ತೆ ಏರಿಸುವಳು. ಜಿಲ್ಲೆಗೆ ಕೇಳುತ್ತಿದ್ದದ್ದು ಒಂದು ಕ್ಷಣದ ಮೌನ. ನಾಲ್ಕು ವರ್ಷ ಹೀಗೆ ನಡೆಯಿತು. ಕೇರಿಯಿಂದ ಒಂದು ಕಾರ್ಡು ಬಂತು: "ಈ ಹಾಡು ಬಂದರೆ ನಾವು ರೇಡಿಯೋ ಬಂದ್ ಮಾಡುತ್ತಿದ್ದೆವು. ಈಗ ಮಾಡುವುದಿಲ್ಲ." ಪೇಟೆಯಿಂದ ಹದಿನಾಲ್ಕು ಕಾರ್ಡು ಬಂದವು: "ನಮ್ಮ ಹಬ್ಬದ ಹಾಡಿಗೆ ಕತ್ತರಿ ಹಾಕಲು ನೀವು ಯಾರು?"

ಒಂದು ದಿನ ಅವಳು ನನ್ನನ್ನು ಒರೆಸುತ್ತ, ಬೇಸರದಿಂದ ತನ್ನಷ್ಟಕ್ಕೆ ಹೇಳಿಕೊಂಡಳು. "ಅಪ್ಪ ಏನಂದ ಗೊತ್ತೇನು? ಮಾಸ್ತರನ ಮಾತು ನುಂಗಿದಿ, ಚೊಲೋ ಆತು. ನನ್ನ ಪೆಟ್ಟೂ ನುಂಗಿಬಿಟ್ಟೆಲ್ಲವ್ವ, ಅಂದ."

ನಿಜ. ಪದದ ಬೆನ್ನಿಗೇ ಪೆಟ್ಟು ಇತ್ತು. ಒಂದನ್ನು ಮುಚ್ಚಿದರೆ ಇನ್ನೊಂದೂ ಮುಚ್ಚಿಹೋಗುತ್ತಿತ್ತು. ಬೈಸಿಕೊಂಡವನ ಉತ್ತರವನ್ನೂ ನಾವು ನುಂಗಿಹಾಕಿದ್ದೆವು.

ಐದನೆಯ ವರ್ಷ ಸ್ವತಃ ನೀಲಕಂಠ ಮಾಸ್ತರರೇ ಎದ್ದು ಬಂದರು. ಎಂಬತ್ತರ ಹತ್ತಿರದ ವಯಸ್ಸು, ಜರಿಯಂಚಿನ ಶಲ್ಯ, ಕೇಂದ್ರದ ಹಿಂದಿನ ಓಣಿಯಲ್ಲೇ ಸ್ವಂತ ಮನೆ. ನನ್ನ ಹಾಡನ್ನು ಕೊಯ್ಯುತ್ತಿದ್ದೀರಿ ಎಂದು ಕೂಗಾಡಿದರು. ಸಾಹೇಬರು ಬೆವರಿ, ಒಂದು ಆದೇಶ ಟೈಪು ಮಾಡಿಸಿ ಸಹಿ ಹಾಕಿದರು: ಸದರಿ ಹಾಡನ್ನು ಪೂರ್ತಿಯಾಗಿ ಪ್ರಸಾರ ಮಾಡತಕ್ಕದ್ದು, ಪ್ರಸಾರದ ವೇಳೆ ಉದ್ಘೋಷಕರು ಯಾವುದನ್ನೂ ಮುಟ್ಟತಕ್ಕದ್ದಲ್ಲ. ಮಾಸ್ತರರಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ಹೋಳಿಯ ಬೆಳಿಗ್ಗೆ ತಾವೇ ಸ್ಟುಡಿಯೋದಲ್ಲಿ ಕುಳಿತು, ಕಣ್ಣಾರೆ ನೋಡುತ್ತೇನೆಂದರು.

ಬಂದು ಕುಳಿತರು. ಹುಲಿಗೆಮ್ಮ ಅವರನ್ನು ಕೇಳುಗರಿಗೆ ಪರಿಚಯಿಸಿದಳು. ಮಾಸ್ತರರು ಮೈಕಿನಲ್ಲಿ, "ಹೋಳಿ ಅಂದ್ರ ಬೈಗಳ, ಬೈಗಳ ಅಂದ್ರ ಪ್ರೀತಿ. ನನ್ನ ಹಾಡಿನಾಗಿಂದು ಒಂದಕ್ಷರಾನೂ ಯಾರೂ ಮುಟ್ಟಬಾರದು" ಎಂದರು. ಅವಳು "ಹೌದ್ರಿ ಸರ್" ಎಂದು ಸೂಜಿ ಇಟ್ಟು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೈಕು ತೆರೆದೇ ಇತ್ತು.

ಮೊದಲ ನುಡಿ ಮುಗಿಯಿತು. ಎರಡನೆಯದು ಬಂತು. ಮಾಸ್ತರರು ಕಣ್ಣು ಮುಚ್ಚಿ ತಲೆ ತೂಗುತ್ತಿದ್ದರು. ಪದ ಬಂತು, ಪೆಟ್ಟು ಬಿತ್ತು. ಆ ಗೋಡೆಯನ್ನು ನಾನು ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದುಕೊಂಡಿದ್ದೆ. ಆ ಕ್ಷಣ ಬಿಟ್ಟುಬಿಟ್ಟೆ.

ಸೂಜಿ ಒಂದು ಸುತ್ತು ಹಿಂದಕ್ಕೆ ಜಾರಿತು. ಮತ್ತೆ ಪದ, ಮತ್ತೆ ಪೆಟ್ಟು. ಮತ್ತೆ ಪದ, ಮತ್ತೆ ಪೆಟ್ಟು. ಮಾಸ್ತರರು ಕಣ್ಣು ತೆರೆದರು. ಅವರದೇ ಎಳೆಯ ಗಂಟಲು ಅವರ ಮುಖಕ್ಕೆ ಆ ಪದ ಎಸೆಯುತ್ತಿತ್ತು, ಪ್ರತಿ ಸಲವೂ ಯಮನಪ್ಪನ ಕೈ ಬಂದು ಅಪ್ಪಳಿಸುತ್ತಿತ್ತು. ನಾಲ್ಕನೆಯದಕ್ಕೆ ಅವರ ತಲೆ ತೂಗುವುದು ನಿಂತಿತು. ಏಳನೆಯದಕ್ಕೆ ಅವರು ಎದುರಿಗಿದ್ದ ಹುಲಿಗೆಮ್ಮನನ್ನು ಮೊದಲ ಸಲ ನೆಟ್ಟಗೆ ನೋಡಿದರು.

"ಎತ್ತವಾ, ಸೂಜಿ ಎತ್ತು!"

"ಮುಟ್ಟಬಾರದಂತ ನೀವಽ ಹೇಳೀರಲ್ರಿ ಸರ್."

"ಏ ಬಂದ್ ಮಾಡಽ! ಕೇಳಾಕ ಆಗವಲ್ದು!"

"ಹಬ್ಬದ ಬೈಗಳ ಯಾರ ಮೈಗೂ ಹತ್ತೂದಿಲ್ಲಂತ್ರಿ. ನೀವಽ ನಮ್ಮಪ್ಪಗ ಹೇಳಿದ್ರಿ. ನಾ ಯಮನಪ್ಪನ ಮಗಳರಿ."

ಇದೆಲ್ಲ ಜಿಲ್ಲೆಗೆ ಕೇಳಿತು. ಆಹಾ, ನನಗಾದ ಸಂತೋಷವನ್ನು ಹೇಗೆ ಹೇಳಲಿ! ಕೊನೆಗೆ ಸಾಹೇಬರು ಓಡಿಬಂದು ಸೂಜಿ ಎತ್ತುವ ಹೊತ್ತಿಗೆ ಹದಿನೇಳು ಸಲ ಆಗಿತ್ತು. ಮಾಸ್ತರರು ಶಲ್ಯದಿಂದ ಮುಖ ಒರೆಸಿಕೊಂಡು ಹೊರಟುಹೋದರು.

ಹುಲಿಗೆಮ್ಮನಿಗೆ ನೋಟೀಸು ಬಂತು. ಯಾವುದನ್ನೂ ಮುಟ್ಟಬಾರದೆಂಬ ಆದೇಶವನ್ನು ಪಾಲಿಸಿದ್ದೇನೆ, ಪ್ರತಿ ಲಗತ್ತಿಸಿದೆ ಎಂದು ಉತ್ತರ ಬರೆದಳು. ಸಾಹೇಬರಿಗೆ ತಮ್ಮ ಸಹಿಯನ್ನು ತಾವೇ ನುಂಗುವಂತಾಯಿತು. ಆದರೂ ಆರು ತಿಂಗಳು ಅವಳನ್ನು ಮೈಕಿನ ಹತ್ತಿರ ಬಿಡದೆ, ನಮ್ಮ ತಟ್ಟೆಗಳ ಕೋಣೆಗೆ ಹಾಕಿದರು. ಅಲ್ಲಿಗೇ ಒಂದು ಪತ್ರ ಬಂತು, ಕೇರಿಯ ಹೆಣ್ಣುಮಗಳೊಬ್ಬಳದು. "ಅಕ್ಕಾರ, ಮಾಸ್ತರಗ ಬುದ್ಧಿ ಕಲಿಸಿದ್ರಿ, ಖರೆ. ಆದರ ನನ್ನ ಮಗಾ ಮುಂಜಾನೆ ರೊಟ್ಟಿ ತಿನ್ನಾಕ ಕುಂತಿದ್ದ. ಅವಗ ಹದಿನೇಳು ಸಲ ಕೇಳಿಸಿತು." ಅದನ್ನು ಓದಿ ಹುಲಿಗೆಮ್ಮ ಅತ್ತಳು. ನನ್ನ ಸಂತೋಷಕ್ಕೂ ಅಲ್ಲೊಂದು ಗೀರು ಬಿತ್ತು.

ಮರುದಿನ ಯಮನಪ್ಪ ಬಂದ. ಕೂದಲು ಹಣ್ಣಾಗಿತ್ತು, ಕೈ ಮಾತ್ರ ಹಾಗೆಯೇ ಗಟ್ಟಿ. ಮಗಳು ನನ್ನನ್ನು ತೋರಿಸಿದಳು. ಅವನು ಬೆರಳಿನಿಂದ ಆ ಜಾಗ ಮುಟ್ಟಿದ.

"ಹದಿನೇಳು ಸಲ ಹೊಡದೆ ನೋಡು ಅವಂಗ, ಮನ್ಯಾಗ ಕುಂತ," ಎಂದು ನಕ್ಕ. ಆಮೇಲೆ ಪತ್ರ ಓದಿಸಿ ಕೇಳಿದ. ನಗು ಹೋಯಿತು. "ಆ ಮಾತು ಕಿತ್ತು ಪೆಟ್ಟಷ್ಟಽ ಇಡಾಕ ಬರ್ತೈತೇನವ್ವ?"

"ಇದರಾಗ ಬರೂದಿಲ್ಲಪ್ಪ. ಗ್ವಾಡಿ ಒಡದು ಎರಡೂ ಕೂಡಿಬಿಟ್ಟಾವು."

"ಹಂಗಾರ ಬಂದ್ ಮಾಡಿಡು. ನಾ ಇನ್ನೂ ಅದೀನಲ್ಲ. ಹೊಸಾದು ಹೊಡೀತೀನಿ."

ಅವಳು ನನ್ನ ಕವರಿನ ಮೇಲೆ ಕೆಂಪು ಶಾಯಿಯಲ್ಲಿ 'ಪ್ರಸಾರಕ್ಕೆ ಯೋಗ್ಯವಲ್ಲ' ಎಂದು ಬರೆದು, ಕಿಟಕಿಯ ಪಕ್ಕದ ಗಾಜಿನ ಅಲಮಾರಿಯಲ್ಲಿಟ್ಟಳು. ಈ ಸಲ ಸಾಹೇಬರು ಅದಕ್ಕೆ ಒಂದೇ ಮಾತಿಗೆ ಸಹಿ ಹಾಕಿದರು.

ಮರುವರ್ಷದ ಹೋಳಿಗೆ ಬಾನುಲಿಯಲ್ಲಿ ನಾನಿರಲಿಲ್ಲ. ಏಳೂವರೆಗೆ ಹಿಂದಿನ ಓಣಿಯಲ್ಲಿ ಕಾಲಸಪ್ಪಳ ಕೇಳಿಸಿತು. ಹೋಳಿಯಲ್ಲಿ ಯಾರ ಮನೆಯ ಮುಂದೆ ಬೇಕಾದರೂ ನಿಂತು ಬೈಯಬಹುದು, ಅದು ಪದ್ಧತಿ. ಯಮನಪ್ಪ ಕೇರಿಯವರನ್ನು ಕರೆದುಕೊಂಡು ಮಾಸ್ತರರ ಮನೆಯ ಮುಂದೆ ನಿಂತಿದ್ದ. ಅವರು ಬೈಯಲಿಲ್ಲ, ಹಾಡಲೂ ಇಲ್ಲ. ಎಲ್ಲ ಹಲಗೆಗಳ ಮೇಲೂ ಒಟ್ಟಿಗೆ ಪೆಟ್ಟು ಬಿತ್ತು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ನಾನು ಎಣಿಸಿದೆ. ಮಾಸ್ತರರ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡ ಸದ್ದೂ ಕೇಳಿಸಿತು. ನನ್ನ ಹೊಟ್ಟೆ ತಣ್ಣಗಾಯಿತು. ಹದಿನೇಳಕ್ಕೆ ನಿಲ್ಲಿಸಿ ಅವರು ಮುಂದೆ ನಡೆದರು.

ಮುಗಿಯಿತು ಎಂದುಕೊಂಡೆ. ಆದರೆ ಹೆಜ್ಜೆಗಳು ನನ್ನ ಕಿಟಕಿಯ ಹೊರಗೆ ನಿಂತವು. ಹಲಗೆ ಒಂದೇ, ಕೈ ಒಂದೇ. ಹದಿನೆಂಟನೆಯ ಪೆಟ್ಟು ಬಿತ್ತು. ಅಲಮಾರಿಯ ಗಾಜು ನಡುಗಿತು, ನಾನೂ ನಡುಗಿದೆ.

ಅಷ್ಟು ವರ್ಷ ಮಾಸ್ತರರ ಮೇಲೆ ಹಲ್ಲು ಮಸೆದವನು ನಾನು. ಆ ಪದವನ್ನು ಮನೆಮನೆಗೆ ಹೊತ್ತು ತಂದ ಬಾಯಿ ಯಾರದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ಪೆಟ್ಟು ನನ್ನದು. ತಿಂದೆ.