ಅಡುಗೆಮನೆ ಐದಿಂಚು ಮೇಲೆ ಬಂದದ್ದು

ನಮ್ಮ ಅಡುಗೆಮನೆ ನಡುಮನೆಗಿಂತ ಐದು ಇಂಚು ತಗ್ಗಿನಲ್ಲಿತ್ತು. ಕಟ್ಟಿದ ಪುಣ್ಯಾತ್ಮ ಯಾಕೆ ಹಾಗೆ ಕಟ್ಟಿದನೋ ಗೊತ್ತಿಲ್ಲ. ಆ ಒಂದೇ ಮೆಟ್ಟಿಲಲ್ಲಿ ಎಡವಿ ಬಿದ್ದು ಅತ್ತೆ ಸೊಂಟ ಮುರಿದುಕೊಂಡರು, ಗಾಲಿಕುರ್ಚಿ ಹಿಡಿದರು. ಅಂದಿನಿಂದ ಒಂದೂವರೆ ವರ್ಷ ಕುರ್ಚಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು, "ಉರಿ ಸಣ್ಣ ಮಾಡೇ", "ಈರುಳ್ಳಿ ಇನ್ನೂ ಹಸಿ ಇದೆ ಕಣೇ" ಎನ್ನುವುದೇ ಅವರ ಕೆಲಸ. ನನಗೋ ತಲೆ ಚಿಟ್ಟು ಹಿಡಿಯುತ್ತಿತ್ತು. ನನ್ನ ಬಾಯಿಯೂ ಕಮ್ಮಿಯದಲ್ಲ.

"ಅಷ್ಟಿದ್ರೆ ನೀವೇ ಬಂದು ಮಾಡಿ ಅತ್ತೆ," ಎಂದುಬಿಟ್ಟೆ ಒಂದು ದಿನ.

ಅವರು ಸಿಟ್ಟಾಗಲಿಲ್ಲ. "ಬರೋ ಹಾಗಿದ್ರೆ ನಿನ್ ಹತ್ರ ಯಾಕೆ ಅನ್ನಿಸ್ಕೊಳ್ತಿದ್ದೆ? ಒಂದು ಲೋಟ ಟೀ ನನ್ನ ಕೈಯಾರೆ ಮಾಡ್ಕೊಳ್ಳೋಕಾಗಲ್ಲ. ನನ್ನ ಮನೇಲಿ ನಾನೇ ನೆಂಟಳಾಗಿಬಿಟ್ಟೆ," ಎಂದರು.

ಆ ಮಾತು ಚುರುಕ್ಕೆಂದಿತು. ಹೇಗೂ ಮನೆ ರಿಪೇರಿ ನಡೆದಿತ್ತು. ಅಡುಗೆಮನೆಯ ನೆಲ ಎತ್ತಿಸಿ ಎಂದು ಅಂದೇ ನಮ್ಮವರ ಬೆನ್ನು ಹತ್ತಿದೆ.

ಇವರು ಹೊಸ ಟೇಪು ಕೊಂಡು ತಂದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ ಹೊಸ್ತಿಲು, ಗೋಡೆ, ಕುರ್ಚಿಯ ಗಾಲಿ ಎಲ್ಲ ಅಳೆದು, ಕೊನೆಗೆ ಅಡ್ಡ ಬಂದ ಬೆಕ್ಕನ್ನೂ ಅಳೆದರು. ನೆಲ ಮೇಲೆ ಬಂದರೆ ಬಾಗಿಲು ತಾಗುತ್ತದೆಂದು ಅದರ ಬುಡ ಕೊಯ್ಯಿಸುವುದನ್ನೂ ಮರೆಯಲಿಲ್ಲ.

ಮೇಸ್ತ್ರಿ ಬಂದು ಒಲೆಯ ಕಟ್ಟೆಗೆ ಟಾರ್ಪಾಲು ಹೊದಿಸಿ, ಹಳೆಯ ನೆಲವನ್ನು ಉಳಿಯಿಂದ ಕೆತ್ತಿ ಒರಟು ಮಾಡತೊಡಗಿದರು.

"ಹೀಗೆ ಕೆತ್ತದಿದ್ರೆ ಹೊಸದು ಹಳೇದನ್ನ ಹಿಡಿಯಲ್ಲಮ್ಮ," ಎಂದರು.

"ಅತ್ತೆ ಸೊಸೆ ಥರ," ಎಂದು ಬಾಗಿಲಿಂದ ಅತ್ತೆ ದನಿಗೂಡಿಸಿದರು.

ನೆಲ ತೊಳೆದು, ಸಿಮೆಂಟಿನ ಗಂಜಿ ಬಳಿದು, ಜಲ್ಲಿ ಕಾಂಕ್ರೀಟು ಸುರಿದು ಮಟ್ಟ ಮಾಡಿದರು. ಅದು ಗಟ್ಟಿಯಾಗಲು ವಾರವಿಡೀ ನೀರು ನಿಲ್ಲಿಸಿದ್ದಾಯಿತು, ಮೇಲೆ ಟೈಲ್ಸ್ ಕೂರಿಸಿದ್ದಾಯಿತು. ಅಷ್ಟೂ ದಿನ ನಾನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬೇಯಿಸಿದೆ. ಅತ್ತೆ ದಿನಕ್ಕೆ ಹತ್ತು ಸಲ "ಒಣಗಿತೇನೇ?" ಎಂದು ಕೇಳಿದರು.

ಕೊನೆಗೂ ಟಾರ್ಪಾಲು ತೆಗೆದರು. ನಾನು ಉತ್ಸಾಹದಿಂದ ಹೋಗಿ ನಿಂತೆ. ಕಟ್ಟೆ ನನ್ನ ತೊಡೆಯ ಹತ್ತಿರ ಬಂತು! ನೆಲ ಮೇಲೆ ಬಂದಿತ್ತು, ಕಟ್ಟೆ ಇದ್ದಲ್ಲೇ ಇತ್ತು.

"ಬೆಕ್ಕನ್ನ ಅಳೆದ್ರಿ, ಕಟ್ಟೆ ಅಳೆಯೋಕಾಗ್ಲಿಲ್ವಾ?" ಎಂದು ಇವರ ಮೇಲೆ ಹರಿಹಾಯ್ದೆ.

ಮೇಸ್ತ್ರಿ ಗಡ್ಡ ಕೆರೆದುಕೊಂಡರು. "ನಾನು ಕೇಳಿದ್ದೆ ಅಮ್ಮ. ಎಲ್ಲಾ ಲೆಕ್ಕ ಹಾಕಿದೀನಿ ಅಂದ್ರು ಯಜಮಾನ್ರು."

ಯಜಮಾನರು ಟೇಪನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಕಟ್ಟೆ ಒಡೆದು ಮತ್ತೆ ಕಟ್ಟಲು ಇನ್ನೂ ಹದಿನೈದು ದಿನ ಬೇಕು. ಈ ವಿಷಯವನ್ನು ಅತ್ತೆಗೆ ಯಾವ ಬಾಯಲ್ಲಿ ಹೇಳುವುದು? ಮೇಸ್ತ್ರಿ ಸುತ್ತಿಗೆ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಬೆನ್ನ ಹಿಂದೆ ಗಾಲಿಯ ಸದ್ದು. ಅತ್ತೆ ಯಾರನ್ನೂ ಕರೆಯದೆ, ಬಾಗಿಲಲ್ಲಿ ನಿಲ್ಲದೆ, ನೇರವಾಗಿ ಒಳಗೆ ಬಂದರು. ಕಟ್ಟೆಯ ಕೆಳಗಿನ ಡಬ್ಬಗಳನ್ನೆಲ್ಲ ತೆಗೆದಿದ್ದರಿಂದ ಮೊಣಕಾಲುಗಳು ಸಲೀಸಾಗಿ ಒಳಗೆ ಸೇರಿದವು. ಎರಡೂ ಅಂಗೈಗಳನ್ನು ಕಲ್ಲಿನ ಮೇಲಿಟ್ಟು ಆ ತುದಿಯಿಂದ ಈ ತುದಿಗೆ ಸವರಿದರು.

"ಹೇಳಿ ಮಾಡಿಸಿದ ಹಾಗಿದೆ! ಯಾರೋ ಇಷ್ಟು ಸರಿಯಾಗಿ ಅಳತೆ ತಗೊಂಡೋರು?"

"ನಾನೇ ಅಮ್ಮ," ಎಂದರು ಇವರು, ರೆಪ್ಪೆ ಮಿಟುಕಿಸದೆ.

ಬೈಯಲು ಬಾಯಿ ತೆರೆದವಳಿಗೆ ನಗು ಉಕ್ಕಿತು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

"ಸುತ್ತಿಗೆ ಕೆಳಗಿಡಿ ಮೇಸ್ತ್ರಿ," ಎಂದೆ. "ನಾನೂ ಒಂದು ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ತೀನಿ."

ಅತ್ತೆ ಆಗಲೇ ಒಲೆ ಹಚ್ಚಿ ನಾಲ್ಕು ಜನಕ್ಕೆ ಟೀಗೆ ಇಟ್ಟಿದ್ದರು. ನಾನು ಸ್ಟೂಲು ತಂದು, ಮೊದಲು ಮೆಟ್ಟಿಲಿದ್ದ ಜಾಗದಲ್ಲಿ, ಬಾಗಿಲಲ್ಲೇ ಕೂತೆ. ಟೀ ಉಕ್ಕಿ ಬರುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಉರಿ ಸಣ್ಣ ಮಾಡಿ ಅತ್ತೆ!"

ಅತ್ತೆ ತಿರುಗಿಯೂ ನೋಡಲಿಲ್ಲ.

"ಅಷ್ಟಿದ್ರೆ ನೀನೇ ಬಂದು ಮಾಡೇ," ಎಂದರು.