ನವಿಲುಮನೆಯ ಹಾರ

೨೦೧೯ರ ಸೆಪ್ಟೆಂಬರ್ ೨೧, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸೇಬಿನ ಮರದ ಬುಡದಿಂದ ಬೇಲಿಯವರೆಗೆ ಕಂದು ಗರಿಗಳು ಚೆಲ್ಲಿದ್ದವು. ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಓಡಿದೆ. ನಮ್ಮಲ್ಲಿದ್ದದ್ದು ಮೂರೇ ನವಿಲು. ಗಂಡು ಕೊಟ್ಟಿಗೆಯ ಮಾಡಿನ ತುದಿಯಲ್ಲಿ ಕೂತಿತ್ತು. ಹೆಣ್ಣು ಸಿಗ್ನೆ ಸೇಬಿನ ತಗ್ಗಿನ ಕೊಂಬೆಯ ಮೇಲಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೆಣ್ಣು ಅಲ್ಮಾ ಮಲಗುತ್ತಿದ್ದ ಜಾಗ ಖಾಲಿಯಾಗಿತ್ತು.

ನನ್ನ ಗಂಡ ಎಸ್ಕಿಲ್ ಬಂದು ಗರಿಗಳನ್ನು ನೋಡಿದ. ದ್ವೀಪಗಳ ನಡುವೆ ಓಡುವ ದೋಣಿಯ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು ಅವನು, ಮಾತು ಕಡಿಮೆ. ನವಿಲುಗಳು ನನ್ನವಲ್ಲ, ಅವನವು. ಸಿಗ್ನೆ ಮೊಟ್ಟೆಯೊಡೆದು ಬಂದಾಗ ಕುತ್ತಿಗೆ ಎತ್ತಲಾರದಷ್ಟು ಬಡಕಲಾಗಿತ್ತು. ಎರಡು ದಿನ ಅವನು ಅದನ್ನು ಸ್ವೆಟರಿನೊಳಗೆ ಇಟ್ಟುಕೊಂಡೇ ಓಡಾಡಿದ್ದ. ಬಲೆ ಹಾಕಿ ಮನೆ ಕಟ್ಟೋಣ ಎಂದು ನಾನು ಹಿಂದೆಯೇ ಹೇಳಿದ್ದೆ. ಹಕ್ಕಿಗೆ ಜೈಲು ಕಟ್ಟುವುದಿಲ್ಲ ಎಂದು ಅವನು ಅಂದಿದ್ದ. ಆ ಬೆಳಿಗ್ಗೆ ಗರಿಗಳನ್ನು ಬುಟ್ಟಿಗೆ ತುಂಬಿ, "ಕಟ್ಟೋಣ ಕಣೇ, ಥೋರಾ," ಅಂದ.

ಸಂಜೆಯಾದಾಗ ಸಿಗ್ನೆ ಮತ್ತೆ ಅದೇ ಕೊಂಬೆಗೇ ಹಾರಿತು. ಕಲಿತ ಜಾಗವನ್ನು ನವಿಲು ಒಂದು ದುರಂತಕ್ಕೆಲ್ಲ ಬಿಡುವುದಿಲ್ಲ. ಅಲ್ಮಾವನ್ನು ಒಯ್ದ ನರಿಯೂ ಬಿಡುವುದಿಲ್ಲ, ಅದಕ್ಕೀಗ ದಾರಿ ಗೊತ್ತಾಗಿತ್ತು. ನರಿ ಹಿಂದಿರುಗುವುದರೊಳಗೆ ಮನೆ ಎದ್ದು ಸಿಗ್ನೆ ಅದರೊಳಗೆ ಹೋಗಬೇಕು, ಅಷ್ಟೇ ನಮ್ಮ ಮುಂದಿದ್ದ ಕೆಲಸ. ಹಿಡಿದು ಕೊಟ್ಟಿಗೆಯಲ್ಲಿ ಕೂಡಿಹಾಕೋಣವೆಂದು ಎಸ್ಕಿಲ್ ಒಮ್ಮೆ ಪ್ರಯತ್ನಪಟ್ಟ. ಅವನ ಕೈಗೆ ಸಿಕ್ಕಿದ್ದು ಒಂದು ಹಿಡಿ ಬಾಲದ ಗರಿ ಮಾತ್ರ. ಹೆದರಿದ ಹಕ್ಕಿ ಗರಿ ಉದುರಿಸಿ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಎರಡು ದಿನ ಅದು ನಮ್ಮ ಹತ್ತಿರವೂ ಸುಳಿಯಲಿಲ್ಲ.

ಅಲ್ಲಿಯವರೆಗಿನ ಕಾವಲಿಗೆಂದು ಎಸ್ಕಿಲ್ ಮರದ ಕೆಳಗೆ ಒಂದು ದೀಪ, ಒಂದು ರೇಡಿಯೋ ಇಟ್ಟ. ಇರುಳಿಡೀ ಮೀನುಗಾರರ ಹವಾಮಾನ ವರದಿಯೂ ರಾಜಕಾರಣಿಗಳ ಚರ್ಚೆಯೂ ತೋಟದಲ್ಲಿ ಕೇಳುತ್ತಿದ್ದವು. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ರೇಡಿಯೋದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನರಿಯ ಹಿಕ್ಕೆ ಬಿದ್ದಿತ್ತು.

"ಚರ್ಚೆ ಕೇಳೋಕೆ ಬಂದಿದ್ದಾನೆ," ಅಂದ ವೆರ್ನರ್. "ಕೇಳಿ, ತನ್ನ ಅಭಿಪ್ರಾಯನೂ ಹೇಳಿ ಹೋಗಿದ್ದಾನೆ."

ವೆರ್ನರ್ ನಮ್ಮ ನೆರೆಯವನು, ಬಡಗಿ. ಈ ಭಾಗದ ಅರ್ಧ ಮನೆಗಳ ಮಾಡು ನಿಲ್ಲಿಸಿದ್ದು ಅವನೇ. ಸುತ್ತಿಗೆ ಕೆಳಗಿಟ್ಟು ವರ್ಷಗಳಾಗಿದ್ದರೂ ಬೇರೆಯವರು ಮೊಳೆ ಹೊಡೆಯುವ ಸದ್ದು ಕೇಳಿದರೆ ಬೇಲಿ ದಾಟಿ ಬಂದುಬಿಡುತ್ತಾನೆ. ಮೊದಲ ಕಂಬ ನೆಟ್ಟ ದಿನವೇ ಬಂದ. ನನ್ನ ನಕ್ಷೆ ನೋಡಿ ಮೊದಲು ನಕ್ಕ, ಆಮೇಲೆ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದ.

ಹೈನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು ನಾನು. ಅಳೆಯದೆ ಏನನ್ನೂ ನಂಬುವುದಿಲ್ಲ. ಮನೆಯ ಒಂದು ಪಕ್ಕಕ್ಕೆ ಕೊಟ್ಟಿಗೆಯ ಗೋಡೆ, ಉಳಿದ ಮೂರು ಪಕ್ಕಕ್ಕೆ ಗಟ್ಟಿ ತಂತಿಬಲೆ. ಮೇಲೆ ಅರ್ಧ ಭಾಗಕ್ಕೆ ತೊಲೆ, ಜಂತಿ, ತಗಡು. ಇನ್ನರ್ಧಕ್ಕೆ ಸಡಿಲವಾಗಿ ಕಟ್ಟಿದ ಮೆತ್ತನೆಯ ಬಲೆ, ಏಕೆಂದರೆ ಬೆದರಿದ ನವಿಲು ನೆಟ್ಟಗೆ ಮೇಲಕ್ಕೆ ಹಾರುತ್ತದೆ; ತಂತಿಯಾದರೆ ಕುತ್ತಿಗೆ ಮುರಿಯುತ್ತದೆ. ಕೂರಲು ದುಂಡನೆಯ ಗಳು ಬೇಡ, ಚಪ್ಪಟೆ ಹಲಗೆ ಬೇಕು ಎಂದೆ. ಹಲಗೆಯ ಮೇಲೆ ಹಕ್ಕಿ ಬೆರಳು ಚಾಚಿ ಆ ಬೆರಳುಗಳ ಮೇಲೆಯೇ ಎದೆಯೂರಿ ಕೂರುತ್ತದೆ, ಚಳಿಗೆ ಬೆರಳು ಹೆಪ್ಪುಗಟ್ಟುವುದಿಲ್ಲ. ಇದಕ್ಕೆಲ್ಲ ವೆರ್ನರ್ ತಲೆಯಾಡಿಸಿದ. ಜಗಳವಾದದ್ದು ಒಂದೇ ವಿಷಯಕ್ಕೆ: ಬಲೆಯನ್ನು ಎಷ್ಟು ಆಳ ಹೂಳಬೇಕು?

"ಮೂವತ್ತು ಸೆಂಟಿಮೀಟರ್ ಧಾರಾಳ," ಅಂದ ವೆರ್ನರ್. "ನರಿ ಹತ್ರ ಏನು ಗುದ್ದಲಿ ಇದ್ಯಾ?"

"ಅರವತ್ತು."

"ಏನಮ್ಮಾ, ರೈಲು ಓಡಿಸ್ತೀಯಾ ಅಡಿಯಲ್ಲಿ?"

ಗೊಣಗಿಕೊಂಡೇ ಅರವತ್ತು ಅಗೆದ. ನಮ್ಮ ಮಣ್ಣು ಜೇಡಿ. ಸಂಜೆಗೆ ಸೊಂಟ ಹಿಡಿದುಕೊಂಡು ನನ್ನ ಕಡೆ ನೋಡದೆ ಮನೆಗೆ ಹೋದ.

ಅಕ್ಟೋಬರ್ ಮೊದಲ ವಾರದಲ್ಲಿ ತೊಲೆಯೂ ಜಂತಿಗಳೂ ಏರಿದವು. ಆಗ ವೆರ್ನರ್ ಸುತ್ತಿಗೆ ಕೆಳಗಿಟ್ಟು ಕೈಕಟ್ಟಿ ನಿಂತ. ತಗಡು ಹೊದೆಸುವ ಮೊದಲು ತೊಲೆಯ ಊಟ ಆಗಬೇಕಂತೆ. ನಮ್ಮ ಕಡೆ ಯಾವ ಮನೆಯಾದರೂ ಸರಿ, ಮಾಡಿನ ಮರ ನಿಂತ ದಿನ ತೊಲೆಗೆ ಹಸಿರು ಹಾರ ಕಟ್ಟುತ್ತಾರೆ. ಮಾಲೀಕ ಕೆಲಸಗಾರರಿಗೆ ಬಿಯರು, ಸಾಸೇಜು ಕೊಡುತ್ತಾನೆ. ಕೊಡದ ಜಿಪುಣನ ತೊಲೆಗೆ ಅವರು ಹುಲ್ಲಿನ ಬೊಂಬೆ ನೇತುಹಾಕುತ್ತಾರೆ. ಇದು ಹಕ್ಕಿ ಗೂಡು ಎಂದು ನಾನೆಂದೆ. ತೊಲೆ ತೊಲೆಯೇ ಎಂದು ಅವನೆಂದ. ಎಸ್ಕಿಲ್ ಆಗಲೇ ಸಾಸೇಜು ತರಲು ಸೈಕಲ್ ಹತ್ತಿದ್ದ.

ಹಾರ ತಂದವಳು ವೆರ್ನರನ ಹೆಂಡತಿ ಬೋಡಿಲ್. ಬಂಡಿಯ ಚಕ್ರದಷ್ಟು ದೊಡ್ಡದು, ದಟ್ಟ ಹಸಿರು, ನಡುನಡುವೆ ಕೆಂಪು ರಿಬ್ಬನ್. ವೆರ್ನರ್ ಏಣಿ ಹತ್ತಿ ಅದನ್ನು ತೊಲೆಯ ನಡುವಿಗೆ ಕಟ್ಟಿದ. ನಾವೆಲ್ಲ ಬಾಟಲಿ ಎತ್ತಿದೆವು. ಬೇಲಿಯ ಪಕ್ಕದಲ್ಲಿ ಸಿಗ್ನೆ ಕತ್ತು ಓರೆ ಮಾಡಿ ನಿಂತು ನೋಡುತ್ತಿತ್ತು.

ಹಾರದಿಂದ ಒಂದು ಎಳೆ ಗಾಳಿಗೆ ನನ್ನ ತಟ್ಟೆಯ ಪಕ್ಕ ಬಿತ್ತು. ಎತ್ತಿಕೊಂಡೆ. ಇಂಥ ಹಾರಕ್ಕೆ ಎಲ್ಲರೂ ಬಳಸುವ ಸ್ಪ್ರೂಸ್ ಮರದ್ದಾಗಿದ್ದರೆ ಸೂಜಿಯಂಥ ಎಲೆ ಬೆರಳಿಗೆ ಚುಚ್ಚಬೇಕು, ಇದು ಚುಚ್ಚಲಿಲ್ಲ. ಚಪ್ಪಟೆಯಾಗಿತ್ತು, ಮೆತ್ತಗಿತ್ತು. ಚರ್ಚಿನ ಅಂಗಳಗಳಲ್ಲಿ, ಬೋಡಿಲಳ ಬೇಲಿಯಲ್ಲಿ ಬೆಳೆಯುವ ಯೂ ಎಂಬ ಗಿಡದ ಎಲೆ. ಅದರ ವಿಷ ನೇರ ಹೃದಯಕ್ಕೆ ಹೋಗುತ್ತದೆ. ಒಂದು ಹಿಡಿ ಎಲೆಗೆ ಕುದುರೆಯೇ ಉರುಳುತ್ತದೆ. ನರಿಯನ್ನು ತಡೆಯಲು ನಾನು ನೆಲದಡಿಯವರೆಗೆ ಲೆಕ್ಕ ಹಾಕಿದ್ದೆ. ಸಾವನ್ನು ನಾವೇ ರಿಬ್ಬನ್ ಸುತ್ತಿ ಒಳಗೆ ನೇತುಹಾಕಿದ್ದೆವು.

ಬೋಡಿಲಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಇದ್ದದ್ದನ್ನು ಹೇಳಿದೆ. ಅವಳ ಮುಖ ಸಣ್ಣಗಾಯಿತು.

"ನಲವತ್ತು ವರ್ಷದಿಂದ ಕ್ರಿಸ್‌ಮಸ್ಸಿಗೆ ಬಾಗಿಲಿಗೆ ಇದನ್ನೇ ಕಟ್ತೀನಿ. ಯಾರೂ ಸತ್ತಿಲ್ಲ."

"ನಿಮ್ಮನೆ ಬಾಗಿಲನ್ನ ಯಾರೂ ಕುಕ್ಕಿ ತಿನ್ನಲ್ಲ ಕಣೇ, ಬೋಡಿಲ್."

ಅವಳು ಗೋಡೆಗೆ ಒರಗಿದಳು. ಆಮೇಲೆ ಭುಜ ಕುಣಿಸಿ ನಗತೊಡಗಿದಳು. ತೊಂದರೆಯಿದ್ದದ್ದು ವೆರ್ನರನಿಂದ. ತಗಡು ಹೊದೆಸುವ ಮೊದಲು ಹಾರ ಇಳಿಸಿದರೆ ಆ ಮಾಡು ನಿಲ್ಲುವುದಿಲ್ಲವೆಂದು ಅವನ ನಂಬಿಕೆ. ಬರಿದಾದ ತೊಲೆಯ ಮೇಲೆ ಒಂದು ಮೊಳೆಯನ್ನೂ ಹೊಡೆಯುವವನಲ್ಲ. ಹಾಗಾದರೆ ತೊಲೆ ಬರಿದಾಗದಿದ್ದರಾಯಿತು ಎಂದು ಬೋಡಿಲ್ ಮನೆಗೆ ಹೋದಳು. ಬರುವಾಗ ಕಂಕುಳಲ್ಲಿ ಓಟ್ಸ್ ತೆನೆಯ ದೊಡ್ಡ ಕಂತೆಯಿತ್ತು. ಕ್ರಿಸ್‌ಮಸ್ಸಿಗೆ ಗುಬ್ಬಚ್ಚಿಗಳಿಗೆಂದು ಕಂಬಕ್ಕೆ ಕಟ್ಟಲು ಪ್ರತಿ ವರ್ಷ ಒಂದು ಪಟ್ಟಿ ಓಟ್ಸ್ ಬೆಳೆಯುತ್ತಾಳೆ. ತಣ್ಣಗಾಗುತ್ತಿದ್ದ ಸಾಸೇಜುಗಳನ್ನು ಸರಿಸಿ, ಮೇಜಿನ ಮೇಲೇ ಇಬ್ಬರೂ ತೆನೆಗಳನ್ನು ಹೆಣೆದು ಅವಳು ತಂದ ಇನ್ನೊಂದು ಕೆಂಪು ರಿಬ್ಬನ್ ಸುತ್ತಿದೆವು. ವೆರ್ನರ್ ಹೊಸ ಹಾರ ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚಿದ. ಎಸ್ಕಿಲ್ ಮಂಡಿಯೂರಿ ಹುಲ್ಲಿನಲ್ಲಿ ಬಿದ್ದ ಹಸಿರು ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಟೋಪಿಗೆ ತುಂಬಿಕೊಂಡ. ಕತ್ತಲಾಗುವವರೆಗೂ ಮೇಲೇಳಲಿಲ್ಲ.

ನಾಲ್ಕು ದಿನಗಳಲ್ಲಿ ಮನೆ ಮುಗಿಯಿತು. ಸಿಗ್ನೆ ಮಾತ್ರ ಒಳಗೆ ಕಾಲಿಡಲಿಲ್ಲ. ಒಣದ್ರಾಕ್ಷಿ ಇಟ್ಟೆವು. ಅದಕ್ಕೆ ಪ್ರಾಣವಾದ ಬೆಕ್ಕಿನ ಆಹಾರ ಇಟ್ಟೆವು. ಹೊಸ್ತಿಲವರೆಗೆ ಬಂದು, ಕುತ್ತಿಗೆ ಮಾತ್ರ ಒಳಗೆ ಚಾಚಿ, ಕುಕ್ಕಿಕೊಂಡು ಹಿಂದೆ ಸರಿಯುತ್ತಿತ್ತು. ಸಂಜೆಗೆ ಮತ್ತೆ ಅದೇ ಕೊಂಬೆ. ನರಿಯ ಹೆಜ್ಜೆಗಳು ಈಗ ಮರದ ಬುಡದಲ್ಲೇ ಇದ್ದವು. ಮನೆಯ ಅಳತೆಯೆಲ್ಲ ಸರಿಯಿತ್ತು. ಆದರೆ ಅಳತೆ ಸರಿಯಿದೆಯೆಂದು ಹಕ್ಕಿಗೆ ಹೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಅದನ್ನು ಹೇಳಿದ್ದು ಗುಬ್ಬಚ್ಚಿಗಳು. ಗಾಳಿ ಜೋರಾಗಿದ್ದ ಒಂದು ಸಂಜೆ ಅವುಗಳ ಹಿಂಡು ತೆರೆದ ಬಾಗಿಲಿನಿಂದ ನುಗ್ಗಿ ಓಟ್ಸ್ ಹಾರದ ಮೇಲೆ ಎರಗಿತು. ಆ ಬಾಗಿಲು ಸೇಬಿನ ಮರಕ್ಕೆ ಎದುರಾಗಿತ್ತು. ಸಿಗ್ನೆಯ ಕೊಂಬೆಗೂ ತೊಲೆಗೂ ಎತ್ತರ ಹೆಚ್ಚುಕಡಿಮೆ ಒಂದೇ. ತನ್ನ ಕಣ್ಣೆದುರಿಗೇ ಬೇರೆ ಹಕ್ಕಿಗಳು ಕಿಚಿಪಿಚಿ ಮಾಡುತ್ತ ತಿನ್ನುವುದನ್ನು ಸಿಗ್ನೆ ಸ್ವಲ್ಪ ಹೊತ್ತು ಸಹಿಸಿಕೊಂಡಿತು. ಆಮೇಲೆ ಇಳಿದು, ಹುಲ್ಲು ದಾಟಿ, ಹೊಸ್ತಿಲಲ್ಲಿ ನಿಲ್ಲದೆ ಒಳಗೆ ನಡೆದು, ಹಾರದ ಪಕ್ಕದ ಹಲಗೆಯ ಮೇಲೆ ಹಾರಿ ಕೂತಿತು. ಗುಬ್ಬಚ್ಚಿಗಳು ಪುರ್ರನೆ ಚದುರಿದವು. ಅದು ನಿಧಾನವಾಗಿ ತೆನೆ ಎಳೆಯತೊಡಗಿತು. ಬೆಳಕು ಇಳಿಯಿತು. ಕೂತ ಜಾಗ ಎತ್ತರವಿತ್ತು, ಹಿಂದೆ ಗೋಡೆಯಿತ್ತು. ಅಲ್ಲೇ ಕುತ್ತಿಗೆ ಹುದುಗಿಸಿತು.

ಎಸ್ಕಿಲ್ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲೇ ಹೋಗಿ ಬಾಗಿಲು ಮುಚ್ಚಿದ. ಚಿಲಕ ಹಾಕಿದ. ಆಮೇಲೆ ಮರದ ಕೆಳಗೆ ಹೋಗಿ ರೇಡಿಯೋ ಆರಿಸಿದ. ತೋಟ ಎಷ್ಟು ನಿಶ್ಶಬ್ದವೆಂದು ಮರೆತೇಹೋಗಿತ್ತು.

"ಜೈಲಾ?" ಅಂತ ಕೇಳಿದೆ.

"ಮನೆ," ಅಂದ.

ಒಂಟಿಯಾದ ಗಂಡು ಮಾಡಿನ ಮೇಲಿನಿಂದ ಊರಿಗೆಲ್ಲ ಕೇಳುವಂತೆ ದೂರು ಹೇಳಿ, ಮೂರನೆಯ ಸಂಜೆ ತಾನಾಗಿಯೇ ಒಳಗೆ ಬಂತು.

ನವೆಂಬರಿನಲ್ಲಿ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾದ ದಿನ ಕಾಳು ಹಾಕಲು ಹೋದೆ. ಎರಡೂ ಹಕ್ಕಿಗಳು ಹಲಗೆಯ ಮೇಲೆ ಒತ್ತಿಕೊಂಡು ಕೂತಿದ್ದವು, ಒಂದು ಬೆರಳೂ ಹೊರಗೆ ಕಾಣುತ್ತಿರಲಿಲ್ಲ. ತೊಲೆಯಲ್ಲಿ ಉಳಿದದ್ದು ಹುಲ್ಲಿನ ಬಳೆ ಮತ್ತು ಬೋಡಿಲಳ ಕೆಂಪು ರಿಬ್ಬನ್ ಮಾತ್ರ. ಹಿಂಬದಿಯ ಬಲೆಯ ಹತ್ತಿರ ಹಸಿ ಮಣ್ಣು ಹೊರಗೆ ಬಿದ್ದಿತ್ತು. ನರಿ ಬಲೆಗೆ ಅಂಟಿಕೊಂಡೇ ನೇರ ಕೆಳಕ್ಕೆ ತೋಡಿತ್ತು; ತೋಡಿದಷ್ಟೂ ಬಲೆಯೇ ಸಿಕ್ಕಿ, ಬೇಸತ್ತು ಹೋಗಿತ್ತು. ಎಸ್ಕಿಲ್ ವೆರ್ನರನನ್ನು ಕೂಗಿದ. ಅವನು ಚಪ್ಪಲಿಯಲ್ಲೇ ಬೇಲಿ ದಾಟಿ ಬಂದು ಗುಂಡಿಯ ಪಕ್ಕ ಕೂತು, ನನ್ನ ಅಳತೆಪಟ್ಟಿಯ ತುದಿಯನ್ನು ತಾನೇ ತಳಕ್ಕೆ ಒತ್ತಿ ಹಿಡಿದ.

"ಎಷ್ಟಮ್ಮಾ?" ಅಂದ.

"ಮೂವತ್ತನಾಲ್ಕು ಸೆಂಟಿಮೀಟರ್."